ಎಡಗಡೆಯ ಮೂರನೆಯ ಹಲಗೆ

ಜನವರಿ ೧೧

ಬುಗುರಿ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ತಿಳಿಯದು. ಆದರೆ ಬೇರೆ ಹೆಸರು ಬರೆದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ವಿಳಾಸ ಕೊಟ್ಟವರು ನಿನ್ನ ಚಿಕ್ಕಮ್ಮ. ಫೋನ್ ನಂಬರೂ ಕೊಟ್ಟರು. ಮಾಡಲು ಧೈರ್ಯ ಬರಲಿಲ್ಲ. ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟರೆ ಮತ್ತೆ ಮಾಡಲಾರೆ. ಕಾಗದವಾದರೆ ನೀನು ಹರಿದು ಹಾಕಿದರೂ ಆ ಸದ್ದು ನನಗೆ ಕೇಳಿಸುವುದಿಲ್ಲ.

ಅಮ್ಮ ನಮಗೆ ನೃತ್ಯ ಕಲಿಸುತ್ತಿದ್ದ ಮಹಡಿಯ ಹಾಲ್ ಅನ್ನು ಮಾರ್ಚ್ ಕೊನೆಯೊಳಗೆ ಖಾಲಿ ಮಾಡಬೇಕಾಗಿದೆ. ಕೆಳಗಿನ ಬಡಗಿ ತೀರಿಕೊಂಡರು; ಅವರ ಮಗ ಇಡೀ ಕಟ್ಟಡವನ್ನೇ ಕೆಡವುತ್ತಾನಂತೆ. ಅಮ್ಮ ಮೂರು ವರ್ಷದಿಂದ ಕ್ಲಾಸು ನಡೆಸುತ್ತಿಲ್ಲ. ಅವಳ ಹೃದಯ ಸೋತಿದೆ, ಸಂಜೆಯಾದರೆ ಪಾದ ಊದಿಕೊಳ್ಳುತ್ತದೆ, ಮೆಟ್ಟಿಲು ಹತ್ತಲೇಬಾರದು ಎಂದಿದ್ದಾರೆ ಡಾಕ್ಟರು. ಹಾಗಾಗಿ ಪ್ರತಿ ಭಾನುವಾರ ನಾನೊಬ್ಬಳೇ ಹೋಗಿ ಕಪಾಟುಗಳನ್ನು ಬರಿದು ಮಾಡುತ್ತಿದ್ದೇನೆ. ನಿನ್ನ ಅಭ್ಯಾಸದ ಬಟ್ಟೆ ಎರಡು ಜೊತೆ ಇವೆ. ಹತ್ತನೆಯ ವಯಸ್ಸಿನಲ್ಲಿ ನೀನು ತಾಳಗಳನ್ನು ಬರೆದಿಟ್ಟುಕೊಂಡ ನೋಟ್‌ಬುಕ್ಕೂ ಇದೆ. ಏನು ಮಾಡಲಿ?

ಅಮ್ಮ ನಿನ್ನ ಬಗ್ಗೆ ಕೇಳುತ್ತಾಳೆ. ನೇರವಾಗಿ ಅಲ್ಲ, ಅವಳು ಎಂದಾದರೂ ನೇರವಾಗಿ ಕೇಳಿದ್ದುಂಟೇ! "ಅವಳ ಕಡೆಯಿಂದ ಏನಾದ್ರೂ..." ಅನ್ನುತ್ತಾಳೆ, ಆಮೇಲೆ ಕಿಟಕಿಯ ಪರದೆ ಸರಿಯಿಲ್ಲ ಅನ್ನುತ್ತಾಳೆ.

ಕೊಕ್ಕರೆ


ಜನವರಿ ೨೪

ನಿನ್ನ ಕಾಗದ ತಲುಪಿತು.

ಬಟ್ಟೆಯಿಂದ ನೆಲ ಒರೆಸು. ಹತ್ತಿಯ ಬಟ್ಟೆ, ನೀರು ಚೆನ್ನಾಗಿ ಹೀರುತ್ತದೆ. ನೋಟ್‌ಬುಕ್ಕನ್ನು ರದ್ದಿಗೆ ಹಾಕು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು ನನ್ನ ಪಾಲಿನ ಕೆಲಸ. ಕೂತು ಮಾಡುವಂಥದ್ದು. ಅರ್ಧ ಗಂಟೆಗಿಂತ ಹೆಚ್ಚು ನಿಂತರೆ ಬಲಮಂಡಿ ಬಿಗಿದುಕೊಳ್ಳುತ್ತದೆ. ಟೀಚರ್ ಕೇಳಿದರೆ ಇಷ್ಟು ಹೇಳು, ಬದುಕಿದ್ದಾಳೆ ಎಂದು.

ಇನ್ನು ಮುಂದೆ ಬರೆಯಬೇಡ ಎಂದು ಬರೆಯಲು ಕೂತಿದ್ದೆ. ಆ ಮಾತು ಬರುವ ಮೊದಲು ಇನ್ನೊಂದು ಬಂತು. ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಟೀಚರ ಚಿತ್ರವೊಂದು ಇರಬೇಕು. ಇದೆಯಾ? ಹರಿದು ಹಾಕಿದ್ದೆನೋ ಏನೋ.

ಇಂತಿ,
ನಿನಗೆ ಗೊತ್ತಿರುವವಳು


ಫೆಬ್ರವರಿ ೨

ಬುಗುರಿ,

ಚಿತ್ರ ಇದೆ! ಅಮ್ಮನಿಗೆ ಎರಡು ಕೊಂಬು, ಕೈಯಲ್ಲಿ ತಾಳ ಹಾಕುವ ಕೋಲು, ಬಾಯಿಂದ "ಮಂಢಿ! ಮಂಢಿ!" ಎಂಬ ಗರ್ಜನೆ. ಮಂಡಿಗೆ ದೊಡ್ಡ ಢ ಬರೆದಿದ್ದೀಯ. ನಾನೀಗ ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಇಂಥದ್ದು ಕಣ್ಣಿಗೆ ಹೊಡೆಯುತ್ತದೆ. ಮೊನ್ನೆಯ ನಿನ್ನ ಕಾಗದದಲ್ಲೂ ಮೂರು ತಪ್ಪುಗಳಿವೆ. ಯಾವುದೆಂದು ಹೇಳುವುದಿಲ್ಲ.

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. "ಕೊಂಬು ಸ್ವಲ್ಪ ಚಿಕ್ಕದಾಯ್ತು," ಅಂದಳು. ನಕ್ಕು ನಕ್ಕು ಕೆಮ್ಮು ಬಂದು, ನಾನು ಬೆನ್ನು ನೀವಬೇಕಾಯಿತು.

ಖಾಲಿ ಹಾಲಿನಲ್ಲಿ ಒಬ್ಬಳೇ ಕೂತರೆ ಏನೇನೋ ನೆನಪಾಗುತ್ತದೆ. ಮೊದಲ ಆರು ತಿಂಗಳು ನಮಗೆ ನಿಲ್ಲುವುದನ್ನು ಬಿಟ್ಟು ಬೇರೇನೂ ಕಲಿಸಲಿಲ್ಲ ಅಲ್ಲವೇ? ನಿನಗೆ ಆರು, ನನಗೆ ಏಳು. "ನಿಲ್ಲೋಕೆ ಬಾರದವರು ಕುಣಿಯೋಕೆ ಹೊರಟ್ರಂತೆ," ಎನ್ನುತ್ತ ಒಬ್ಬೊಬ್ಬರ ಭುಜ ಒತ್ತುತ್ತ ಹೋಗುತ್ತಿದ್ದಳು. ಕೆಳಗೆ ಬಡಗಿಯ ಗರಗಸ ಹೋಗುತ್ತ ಬರುತ್ತ ಇರುತ್ತಿತ್ತು. ನಾವು ಅದರ ಲಯಕ್ಕೇ ಹೆಜ್ಜೆ ಹಾಕುವುದನ್ನು ಕಲಿತುಬಿಟ್ಟಿದ್ದೆವು. ಬಡಗಿ ಚಹಾ ಕುಡಿಯಲು ಎದ್ದರೆ ಇಡೀ ಕ್ಲಾಸಿನ ತಾಳ ತಪ್ಪುತ್ತಿತ್ತು.

ಹಾಲಿನ ಒಳಗೆ ನಾನು ಅವಳನ್ನು ಅಮ್ಮ ಅನ್ನುವ ಹಾಗಿರಲಿಲ್ಲ. ಒಮ್ಮೆ ಕಾಲ್ಬೆರಳು ಉಳುಕಿ "ಅಮ್ಮಾ" ಎಂದು ಚೀರಿದೆ. "ಇಲ್ಲಿ ಯಾರ ಅಮ್ಮನೂ ಇಲ್ಲ," ಅಂದಳು. ನೀನು ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಬಡಗಿಯ ನಲ್ಲಿಯ ಕೆಳಗೆ ಕಾಲು ಹಿಡಿದೆ. ನಿನಗಾಗ ಎಂಟು ವರ್ಷ. "ಸುಮ್ನಿರು ಕೊಕ್ಕರೆ, ಕೊಕ್ಕರೆಗೆ ಒಂದೇ ಕಾಲು ಸಾಕು," ಅಂದಿದ್ದೆ.

ಹದಿನೇಳರಲ್ಲಿ ಅಮ್ಮ ನನಗೆ ಹೇಳಿದ ಮಾತನ್ನು ನೀನೂ ಕೇಳಿಸಿಕೊಂಡಿದ್ದೆ. ಹನ್ನೊಂದು ಹುಡುಗಿಯರು ಕೇಳಿಸಿಕೊಂಡರು. "ನಿನ್ನಲ್ಲಿ ತಾಳ ಇದೆ, ನೃತ್ಯ ಇಲ್ಲ. ಬೇಕಿದ್ರೆ ಹಿಂದಿನ ಸಾಲಲ್ಲಿ ನಿಂತ್ಕೋ." ಅವಳು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡುತ್ತಿದ್ದೆ. ನಿಜವಾಗಿತ್ತು. ಅಂದಿನಿಂದ ನಾನು ಸಾಲಿನಲ್ಲೇ ನಿಲ್ಲಲಿಲ್ಲ. ದೀಪ, ಹಾಡಿನ ಟೇಪು, ರಂಗದ ನೆಲ ನೋಡಿಕೊಳ್ಳುವವಳಾದೆ. ಹತ್ತು ವರ್ಷ ಕಲಿತದ್ದು ಎಲ್ಲಿ ಹೋಯಿತೆಂದು ಕೇಳಿದರೆ, ಈಗಲೂ ಬಸ್ಸಿಗೆ ಕಾಯುವಾಗ ನೆಟ್ಟಗೆ ನಿಲ್ಲುತ್ತೇನೆ.

ನೋಟ್‌ಬುಕ್ಕನ್ನು ರದ್ದಿಗೆ ಹಾಕಿಲ್ಲ.

ಕೊಕ್ಕರೆ


ಫೆಬ್ರವರಿ ೧೬

ಕೊಕ್ಕರೆ,

ಕೊಂಬು ಚಿಕ್ಕದಾಯಿತು ಎಂದರಾ! ಅಂಗಡಿಯಲ್ಲಿ ಕೂತು ಓದುತ್ತಿದ್ದೆ, ನಕ್ಕುಬಿಟ್ಟೆ. ಅಂಗಡಿಯ ಯಜಮಾನ ಗಾಬರಿಯಾಗಿ ನೋಡಿದ. ನಾನು ಅಲ್ಲಿ ನಗುವವಳೆಂದು ಹೆಸರು ಪಡೆದಿಲ್ಲ.

ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕೇ ಎರಡು ವಾರ ಬರೆಯಲಿಲ್ಲ.

ನೀನು ಹತ್ತು ವರ್ಷ ಕಲಿತೆ, ನಾನು ಹದಿನೆಂಟು. ಆ ಹದಿನೆಂಟರ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿಲ್ಲ, ನನ್ನ ಗಂಡನ ಹತ್ತಿರವೂ. ಅವನಿಗೆ ಗೊತ್ತಿರುವುದು ಮಂಡಿಯ ಮೇಲಿನ ಹೊಲಿಗೆಯ ಗುರುತು ಮಾತ್ರ. ಹನ್ನೆರಡರಲ್ಲಿ ನನ್ನ ಕೈಗಳು ನನ್ನ ಮಾತು ಕೇಳತೊಡಗಿದವು. ಹದಿನಾಲ್ಕರಲ್ಲಿ ಮೈ ಬದಲಾಯಿತು, ತೂಕ ಬೇರೆ ಕಡೆಗೆ ಸರಿಯಿತು, ಬಂದದ್ದೆಲ್ಲ ಹೋಯಿತು. ಒಂದು ವರ್ಷ ಅತ್ತುಕೊಂಡು ಮತ್ತೆ ಮೊದಲಿನಿಂದ ಕಲಿತೆ. ಹತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ, ಹಾಲಿನಲ್ಲಿ ನಾನು ಮತ್ತು ಟೀಚರ್ ಇಬ್ಬರೇ ಇದ್ದಾಗ, ನಾನು ತಾಳ ಎಣಿಸುವುದನ್ನು ನಿಲ್ಲಿಸಿದ್ದೆ. ನಿಲ್ಲಿಸಿದ್ದೇನೆಂದು ನೃತ್ಯ ಮುಗಿದ ಮೇಲೆ ಗೊತ್ತಾಯಿತು. ಟೀಚರ್ ಚೆನ್ನಾಗಿತ್ತು ಅನ್ನಲಿಲ್ಲ. ಕೋಲನ್ನು ನೆಲದ ಮೇಲಿಟ್ಟು ಗೋಡೆಯ ಕಡೆ ತಿರುಗಿ ನಿಂತರು. ಅಲ್ಲಿಂದಲೇ, "ಹೋಗು, ನೀರು ಕುಡಿ," ಅಂದರು. ಅಷ್ಟೇ. ಆ ಒಂದು ಮಾತಿನ ಬಲದಲ್ಲಿ ಐದು ವರ್ಷ ಕುಣಿದೆ.

ಬಿದ್ದದ್ದು ಇಪ್ಪತ್ತನಾಲ್ಕರಲ್ಲಿ. ಅದಕ್ಕೆ ಒಂದು ವಾರ ಮೊದಲೇ ಮಂಡಿ ಹಿಡಿದುಕೊಳ್ಳುತ್ತಿದೆ ಎಂದು ಅವರಿಗೆ ಹೇಳಿದ್ದೆ. "ಬಿಸಿನೀರಲ್ಲಿ ಶಾಖ ಕೊಡು," ಅಂದರು. ಪ್ರದರ್ಶನದ ಬೆಳಿಗ್ಗೆ ಮತ್ತೆ ಹೇಳಿದೆ. "ಇವತ್ತೊಂದು ದಿನ ತಡ್ಕೋ. ನಾಳೆಯಿಂದ ತಿಂಗಳು ಪೂರ್ತಿ ಮಲಗು," ಅಂದರು. ಎರಡನೆಯ ಭಾಗದಲ್ಲಿ ಎಡಕ್ಕೆ ಬಂದು ಮೂರು ಸುತ್ತು ತಿರುಗಬೇಕು. ಎರಡನೆಯ ಸುತ್ತಿನಲ್ಲಿ ಮಂಡಿ ಕೈಕೊಟ್ಟಿತು. ಕಾಲ ಕೆಳಗೆ ನೆಲವೇ ಇಲ್ಲದಂತಾಯಿತು. ಮಂಡಿ ಕೈಕೊಡುವುದು ಹಾಗೇ ಇರುತ್ತದೆಂದು ಆಮೇಲೆ ಅಂದುಕೊಂಡೆ.

ಆಸ್ಪತ್ರೆಗೆ ಟೀಚರ್ ಮೂರು ಸಲ ಬಂದರು. ಮೂರು ಸಲವೂ ಚಿಕ್ಕಮ್ಮನಿಗೆ ಹೇಳಿ ಹೊರಗಿನಿಂದಲೇ ಕಳಿಸಿದೆ. ಕೊನೆಯ ಸಲ, "ತಪ್ಪು ನಂದು ಅಂತ ಅವಳಿಗೆ ಹೇಳಿ," ಎಂದು ಅವರು ಅಂದದ್ದು ಒಳಗೆ ಕೇಳಿಸಿತು. ಹೌದು, ನಿಮ್ಮದೇ ಎಂದುಕೊಂಡು ಗೋಡೆಯ ಕಡೆ ಹೊರಳಿದೆ.

ನನಗೆ ಒಬ್ಬಳು ಮಗಳಿದ್ದಾಳೆ. ಆರನೆಯ ವಯಸ್ಸಿನಲ್ಲಿ ಡ್ಯಾನ್ಸ್ ಕಲಿಯುತ್ತೇನೆ ಎಂದಳು. ಬೇಡವೆಂದು ಈಜಿಗೆ ಸೇರಿಸಿದೆ. ನೀರಿನಲ್ಲಾದರೆ ಬಿದ್ದರೂ ಏನೂ ಆಗುವುದಿಲ್ಲ ಎಂದುಕೊಂಡೆ ನೋಡು, ಎಂಥ ಬುದ್ಧಿ!

ಟೀಚರ ಮೇಲಿನ ಸಿಟ್ಟಿಗೆ ಒಂದು ಕಾರಣವಿದೆ. ಆದರೆ ನೀನು ಒಂದು ಸಲವೂ ಆಸ್ಪತ್ರೆಗೆ ಬರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ನನಗೆ ಅರ್ಥವಾಗದ್ದು ಅದೊಂದೇ. ಯಾಕೆ ಬರಲಿಲ್ಲ?

ಬುಗುರಿ


ಫೆಬ್ರವರಿ ೨೩

ಬುಗುರಿ,

ನೀನು ಕೇಳಿದೆ. ಕೇಳದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಆ ದಿನ ಬೆಳಿಗ್ಗೆ ರಂಗದ ನೆಲ ಗುಡಿಸಿದವಳು ನಾನು. ಮುಂಭಾಗದಲ್ಲಿ, ಎಡಗಡೆಯಿಂದ ಮೂರನೆಯ ಹಲಗೆ ಸಡಿಲವಾಗಿತ್ತು. ನೋಡಿದರೆ ಗೊತ್ತಾಗುತ್ತಿರಲಿಲ್ಲ. ಒಂದು ತುದಿಯಲ್ಲಿ ಕಾಲಿಟ್ಟರೆ ಎರಡು ಬೆರಳಿನಷ್ಟು ಕುಸಿದು, ತೆಗೆದರೆ ಮತ್ತೆ ಮೇಲೆ ಬರುತ್ತಿತ್ತು. ಎರಡು ಮೊಳೆ ಹೊಡೆದಿದ್ದರೆ ಸಾಕಿತ್ತು.

ಅಮ್ಮನಿಗೆ ಹೇಳಲು ಹೋದೆ. ಬಣ್ಣದ ಕೋಣೆಯಲ್ಲಿ ಅವಳು ನಿನ್ನ ಕೂದಲು ಕಟ್ಟುತ್ತಿದ್ದಳು. ಬಾಯಲ್ಲಿ ಪಿನ್ನುಗಳಿದ್ದವು. "ಅಮ್ಮ, ಒಂದು ನಿಮಿಷ," ಅಂದೆ. ಅವಳು ತಿರುಗಿಯೂ ನೋಡದೆ ಕೈಯಿಂದ ಹೋಗು ಎಂದಳು. "ಈಗ ಬೇಡ, ಹೊರಗಿರು." ಕನ್ನಡಿಯಲ್ಲಿ ನೀನು ನನ್ನನ್ನು ನೋಡಿ ನಕ್ಕೆ. ಅಷ್ಟು ಮೆತ್ತಗೆ ಅವಳು ನನ್ನ ತಲೆ ಎಂದೂ ಬಾಚಿರಲಿಲ್ಲ.

ನಾನು ಹೊರಗೆ ಬಂದೆ. ಸುತ್ತಿಗೆ ಎಲ್ಲಿದೆ ಎಂದು ಗೊತ್ತಿತ್ತು. ಆಮೇಲೆ ಮಾಡೋಣ ಅಂದುಕೊಂಡೆ. ಮಧ್ಯಾಹ್ನವಾಯಿತು, ದೀಪಗಳ ಕೆಲಸ ಬಂತು. ಮರೆತೆ ಎಂದು ಬರೆದರೆ ನೀನು ನಂಬಬಹುದು. ನಾನು ಮರೆಯಲಿಲ್ಲ. ಒಂದೇ ಒಂದು ಸಲ ಬುಗುರಿಯೂ ಹೆಜ್ಜೆ ತಪ್ಪಲಿ, ಅಮ್ಮ ನೋಡಲಿ ಅನ್ನಿಸಿತು. ಬೀಳಲಿ ಎಂದಲ್ಲ. ತಪ್ಪಲಿ ಎಂದು. ಈ ಎರಡರ ನಡುವೆ ವ್ಯತ್ಯಾಸವಿದೆ ಎಂದು ಇಪ್ಪತ್ತೊಂದು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಕುರ್ಚಿಯಲ್ಲಿ ಕೂತಳು. "ಇದನ್ನ ಇನ್ನು ಯಾರಿಗೂ ಹೇಳ್ಬೇಡ. ಅವಳು ಮಂಡಿ ನೋವು ಅಂದ್ಲು, ನಾನು ಕುಣಿ ಅಂದೆ. ಅಷ್ಟೇ ನಡೆದದ್ದು," ಅಂದಳು. ನಾನು ಅಳುತ್ತ, "ಅವಳು ನಿನ್ನನ್ನ ಎಂದೂ ಕ್ಷಮಿಸಲ್ಲ ಅಮ್ಮ," ಅಂದೆ. "ನಂಗೆ ಐವತ್ತಾಯ್ತು. ನಾನು ತಡ್ಕೋತೀನಿ. ನಿಂಗೆ ಇಪ್ಪತ್ತೈದು," ಅಂದಳು. ಆಮೇಲೆ ನಿನ್ನನ್ನು ನೋಡಲು ಆಸ್ಪತ್ರೆಗೆ ಹೊರಟಳು.

ನಿನ್ನ ಹಳೆಯ ನೋವಿಗೂ ಮುರಿದದ್ದಕ್ಕೂ ಸಂಬಂಧವಿಲ್ಲ, ಕಾಲು ತಿರುಚಿ ಬಿದ್ದದ್ದೇ ಕಾರಣ ಎಂದು ಅಲ್ಲಿಯ ಡಾಕ್ಟರು ಅವಳಿಗೆ ಹೇಳಿದ್ದರು. ಅದನ್ನೂ ಅವಳು ನಿನ್ನವರೆಗೆ ಬರಗೊಡಲಿಲ್ಲ.

ಜೀವಮಾನವಿಡೀ ಅವಳು ನಿನ್ನನ್ನೇ ಹೆಚ್ಚು ಪ್ರೀತಿಸಿದಳು ಎಂದು ತಿಳಿದಿದ್ದೆ. ಇರಬಹುದು. ಆದರೆ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳಬೇಕಾಗಿ ಬಂದಾಗ ಅವಳು ನಿನ್ನನ್ನು ಕಳೆದುಕೊಂಡಳು. ಹಾಗೆ ಉಳಿದುಕೊಂಡ ನನಗೆ ಯಾವ ಮುಖವಿತ್ತು ನಿನ್ನನ್ನು ನೋಡಲು?

ಕ್ಷಮಿಸು ಎಂದು ಬರೆಯುವುದಿಲ್ಲ. ಅದು ತೀರ ಸಣ್ಣ ಮಾತು.

ಕೊಕ್ಕರೆ


ಮಾರ್ಚ್ ೩೦

ಬುಗುರಿ,

ನಿನ್ನಿಂದ ಉತ್ತರವಿಲ್ಲ. ನಿರೀಕ್ಷಿಸಿಯೂ ಇರಲಿಲ್ಲ.

ನೃತ್ಯದ ಹಾಲ್ ಖಾಲಿಯಾಯಿತು. ಗೋಡೆಯ ದೊಡ್ಡ ಕನ್ನಡಿಯನ್ನು ಇಬ್ಬರು ಕೂಲಿಯವರು ಇಳಿಸಿದರು. ಅದರ ಹಿಂದೆ ಗೋಡೆಯ ಹಳೆಯ ಹಸಿರು ಬಣ್ಣ ಹಾಗೇ ಇತ್ತು, ನಾವು ಸೇರಿದ ವರ್ಷದ್ದು.

ಅಮ್ಮ ಈಗ ಕೂತೇ ನಿದ್ರೆ ಮಾಡಬೇಕಾಗಿದೆ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ನಿನಗೆ ತಿಳಿಯದೆ ಇರಬಾರದು, ಅಷ್ಟೇ.

ಕೊಕ್ಕರೆ


ಏಪ್ರಿಲ್ ೮

ಈ ತಿಂಗಳ ಹದಿನೆಂಟಕ್ಕೆ ಬೆಳಗಿನ ರೈಲಿಗೆ ಬರುತ್ತೇನೆ. ಟೀಚರನ್ನು ನೋಡಲು. ನಿನ್ನನ್ನು ನೋಡಲು ಅಲ್ಲ. ನಾನು ಅವರ ಜೊತೆ ಇರುವಷ್ಟು ಹೊತ್ತು ನೀನು ಮನೆಯಲ್ಲಿ ಇರಬೇಡ.

ನೀನು ನನಗೆ ಬರೆದದ್ದು ಅವರಿಗೆ ಗೊತ್ತಿದೆಯೇ? ಇದಕ್ಕೆ ಮಾತ್ರ ಉತ್ತರ ಬರೆ.


ಏಪ್ರಿಲ್ ೧೧

ಗೊತ್ತಿಲ್ಲ. ನಾನು ಹೇಳಿಲ್ಲ. ಬೀಗ ಹಾಕಿರುವುದಿಲ್ಲ, ತಳ್ಳಿದರೆ ಬಾಗಿಲು ತೆರೆಯುತ್ತದೆ. ನಾನು ಹೊರಗಿರುತ್ತೇನೆ.

ಕೊ.


ಮೇ ೨೦

ಬುಗುರಿ,

ಅಮ್ಮ ಆರನೆಯ ತಾರೀಕು ಬೆಳಿಗ್ಗೆ ಹೋದಳು. ತಂತಿಯಂತೆ ಒಂದೇ ಸಾಲು ಬರೆದು ನಿನಗೆ ಕಳಿಸಲು ಮನಸ್ಸಾಗಲಿಲ್ಲ. ಚಿಕ್ಕಮ್ಮನಿಂದ ತಿಳಿದಿರುತ್ತದೆ. ಕಷ್ಟವಾಗಲಿಲ್ಲ. ನಾನು ಕಷಾಯ ಬಿಸಿ ಮಾಡಲು ಎದ್ದು ಹೋಗಿದ್ದೆ, ಬರುವಷ್ಟರಲ್ಲಿ ತಲೆ ಒಂದು ಕಡೆಗೆ ವಾಲಿತ್ತು. ಪಾದಗಳು ಮಾತ್ರ ಒಂದಕ್ಕೊಂದು ತಾಗಿ ಸರಿಯಾಗಿದ್ದವು. ಅವಳು ಕೂತರೂ ಹಾಗೇ ಕೂರುತ್ತಿದ್ದಳಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ನೀನು ಬಂದ ದಿನ ನಾನು ಹೊರಗೆ ಹೋಗಿದ್ದೆ, ನಿಜ. ಔಷಧಿ ಅಂಗಡಿಯವರೆಗೆ ಹೋಗಿ, ಚೀಟಿ ಮರೆತಿದ್ದೇನೆಂದು ತಿರುಗಿ ಬಂದೆ. ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದಾಗ ನಿಮ್ಮ ದನಿ ಕೇಳಿಸಿತು. ಹೊರಟುಹೋಗಬೇಕಿತ್ತು. ಹೋಗಲಿಲ್ಲ.

ಅಮ್ಮ ಹೇಳುತ್ತಿದ್ದಳು, "ನೀನು ನೋವು ಅಂದೆ, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ನಿನ್ನ ಕಾಲು ಮುರಿದದ್ದು ನಾನು. ಇದನ್ನ ನಿನ್ನ ಮುಖ ನೋಡಿ ಹೇಳ್ಬೇಕಿತ್ತು."

ನೀನು ಈಗ ಹೇಳುತ್ತೀಯ ಅಂದುಕೊಂಡೆ. ಎಲ್ಲ ಗೊತ್ತು ಟೀಚರ್, ನಿಮ್ಮ ಮಗಳೇ ಬರೆದಿದ್ದಾಳೆ ಅನ್ನುತ್ತೀಯ, ಅನ್ನುವ ಎಲ್ಲ ಹಕ್ಕೂ ನಿನಗಿದೆ ಎಂದು ಒಲೆಯ ಕಟ್ಟೆ ಹಿಡಿದು ನಿಂತೆ.

ನೀನು, "ಹೌದು ಟೀಚರ್. ತಪ್ಪು ನಿಮ್ಮದೇ," ಅಂದೆ.

ಅಮ್ಮ, "ಹೂಂ," ಅಂದಳು.

"ಆದ್ರೆ ನಾನು ಕ್ಷಮಿಸಿದ್ದೀನಿ," ಅಂದೆ. "ಯಾವತ್ತೋ ಕ್ಷಮಿಸಿದ್ದೀನಿ. ಬಂದು ಹೇಳೋಕೆ ತಡವಾಯ್ತು."

ಅವಳು ಅಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನೀನು ಹೋದ ಮೇಲೆ ಏನಾಯಿತೆಂದೂ ನಿನಗೆ ತಿಳಿಯಬೇಕು. ನಾನು ಆಗಷ್ಟೇ ಬಂದವಳಂತೆ ಒಳಗೆ ಹೋದೆ. ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ನನ್ನ ಕೈ ಹಿಡಿದಳು. "ಅವಳು ಕ್ಷಮಿಸಿದ್ಲು ಕಣೇ. ಆ ವಿಷಯ ಇವತ್ತಿಗೆ ಮುಗೀತು. ಇನ್ನು ನೀನು ಅದನ್ನ ಹೊತ್ಕೊಂಡು ತಿರುಗಬೇಡ," ಅಂದಳು. ನನ್ನ ಹೆಗಲ ಮೇಲಿನದನ್ನು ತಾನೇ ಇಳಿಸಿದೆನೆಂಬ ನೆಮ್ಮದಿ ಅವಳ ಮುಖದಲ್ಲಿತ್ತು. ಉಳಿದ ಹದಿನೆಂಟು ದಿನವೂ ಅವಳು ಚೆನ್ನಾಗಿ ನಿದ್ರೆ ಮಾಡಿದಳು.

ಅವಳು ಮಾಡದ ತಪ್ಪನ್ನು ನೀನು ಅವಳ ಮುಖಕ್ಕೆ ಹೇಳಿ, ಅದನ್ನೇ ಕ್ಷಮಿಸಿದೆ. ಅದು ನನಗೆ ಸಿಕ್ಕ ಕ್ಷಮೆಯಲ್ಲ, ಗೊತ್ತು. ನಾನು ಅದನ್ನು ನನ್ನದೆಂದು ತೆಗೆದುಕೊಂಡಿಲ್ಲ.

ಕೊಕ್ಕರೆ


ಜುಲೈ ೩

ಕೊಕ್ಕರೆ,

ನೀನು ಅಡುಗೆಮನೆಯಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬೇರೆ ಏನಾದರೂ ಹೇಳಿಬಿಡುತ್ತಿದ್ದೆನೋ ಏನೋ.

ರೈಲಿನಲ್ಲಿ ಬರುವಾಗ ನಾನು ತಯಾರಿ ಮಾಡಿಕೊಂಡದ್ದು ಬೇರೆಯೇ. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಬೇಕಿತ್ತು. ನನ್ನನ್ನು ಇಪ್ಪತ್ತೊಂದು ವರ್ಷ ನಿಮ್ಮ ಮೇಲೆ ಸಿಟ್ಟಿನಲ್ಲಿ ಯಾಕೆ ಬದುಕಿಸಿದಿರಿ, ನಾನು ಯಾರನ್ನು ಬಾಗಿಲಿನಿಂದ ಅಟ್ಟುತ್ತಿದ್ದೇನೆಂದು ನನಗೆ ತಿಳಿಯಬೇಕಿರಲಿಲ್ಲವೇ ಎಂದು. ಒಳಗೆ ಬಂದೆ. ಎಷ್ಟು ಚಿಕ್ಕವರಾಗಿಬಿಟ್ಟಿದ್ದರು! ನಾನು ಕುಂಟುತ್ತ ಬಾಗಿಲಿಂದ ಕುರ್ಚಿಯವರೆಗೆ ಬಂದದ್ದನ್ನು ಕಣ್ಣು ಕೀಳದೆ ನೋಡಿದರು. ಆಮೇಲೆ ಆ ಮಾತು ಶುರು ಮಾಡಿದರು. ಅದನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು ಕಣೇ, ಪರೀಕ್ಷೆಗೆ ಓದಿಕೊಂಡ ಹಾಗೆ. ಎಲ್ಲಾದರೂ ಒಂದು ಪದ ಆಚೀಚೆಯಾಗಿ ನಿನ್ನ ಹೆಸರು ಬಂದುಬಿಟ್ಟೀತು ಎಂಬ ಭಯ ಅವರ ಮುಖದಲ್ಲಿತ್ತು. ಸಾಯುವ ಮುಂಚೆ ಆ ಒಂದು ಕೆಲಸವನ್ನು ತಪ್ಪಿಲ್ಲದೆ ಮುಗಿಸಲು ಹೊರಟ ಹೆಂಗಸನ್ನು ನಾನು ತಡೆಯುವುದು ಹೇಗೆ? ಅದಕ್ಕೇ ಹೌದು ಅಂದೆ.

ಅವರನ್ನು ಕ್ಷಮಿಸುವುದು ಸುಲಭವಾಯಿತು, ಅವರು ಏನೂ ಮಾಡಿರಲಿಲ್ಲವಲ್ಲ. ನೀನು ಮಾಡಿದ್ದೀಯ. ನಿನ್ನ ವಿಷಯಕ್ಕೆ ಬಂದರೆ ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ಬರುತ್ತದೆಂದು ಸುಳ್ಳು ಹೇಳಲಾರೆ. ನೀನು ಸುತ್ತಿಗೆ ಎಲ್ಲಿದೆ ಎಂದು ಗೊತ್ತಿತ್ತು ಎಂದು ಬರೆದ ಸಾಲನ್ನು ದಿನಕ್ಕೊಂದು ಸಲವಾದರೂ ಓದುತ್ತೇನೆ. ಬೆಳಿಗ್ಗೆ ಏಳುವಾಗ ಮಂಡಿ ಮಡಿಸಲು ನನಗೆ ಐದು ನಿಮಿಷ ಬೇಕು, ಆ ಐದು ನಿಮಿಷವೂ ನಿನ್ನದೇ ಯೋಚನೆ.

ಆದರೆ ಹೋದ ವಾರ ಒಂದು ಸಂಗತಿ ನಡೆಯಿತು. ಮಗಳು ಊಟಕ್ಕೆ ಕೂತಾಗ, "ನೀನು ಅಳ್ತಿದ್ದೀಯ, ಆ ಟೀಚರ್ ಹೇಗಿದ್ರು ಹೇಳು," ಎಂದು ಕೇಳಿದಳು. ಹೇಳಲು ಶುರು ಮಾಡಿದೆ. ಕೋಲು, ಮಂಡಿ, ನೀರು ಕುಡಿ ಅಂದದ್ದು. ಅವಳು ತಲೆಯಾಡಿಸಿದಳು, ಪಾಪ, ಏನೂ ಅರ್ಥವಾಗಲಿಲ್ಲ. ಗಂಡನಿಗೆ ಹೇಳಿದೆ. ಅವನು, "ತುಂಬ ಸ್ಟ್ರಿಕ್ಟ್ ಅಂತ ಕಾಣತ್ತೆ," ಅಂದ. ಅವರು ಹೇಗಿದ್ದರೆಂದು ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ತಿಳಿಯುವವರು ಇಡೀ ಲೋಕದಲ್ಲಿ ನೀನೊಬ್ಬಳೇ. ಅವರಿಗಾಗಿ ಅಳಬೇಕಾದರೆ ನಾನು ನಿನ್ನ ಹತ್ತಿರವೇ ಬರಬೇಕು. ನಿನ್ನ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಆಗಸ್ಟ್ ಮೊದಲ ಭಾನುವಾರ ಬರುತ್ತೇನೆ. ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ. ಈ ಸಲ ನೀನು ಮನೆಯಲ್ಲಿರು.

ಬುಗುರಿ